ಕೋಟಿಗೊಂದು ಪಾಲಿನ ಕಿರಿಕಿರಿ

ಸಮತಟ್ಟು ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹಳೇ ನಮೂನೆಯ ಕಪ್ಪು ಸೈಕಲ್ ತುಳಿಯುವವರ ಕಾಲಿನಿಂದ ಹೊರಡುವ ಶಕ್ತಿ ಸುಮಾರು 100 ವ್ಯಾಟ್. ಆ ಸೈಕಲ್ಲಿನ ಚೈನು ತಿಂಗಳುಗಟ್ಟಲೆ ಎಣ್ಣೆ ಕಾಣದೆ ಕಿಂಯ್ ಕಿಂಯ್ ಎನ್ನುತ್ತಿದೆ ಎಂದುಕೊಳ್ಳಿ. ಒಂದು ಮೀಟರ್ ದೂರದಲ್ಲಿ ನಿಂತವರಿಗೆ ಅದು ಇಬ್ಬರು ಮಾಮೂಲು ದನಿಯಲ್ಲಿ ಮಾತಾಡಿದಷ್ಟು ಜೋರಾಗಿ ಕೇಳುತ್ತಿದೆ. ಈ ಸದ್ದಾಗಿ ಗಾಳಿಗೆ ಸೇರುವ ಶಕ್ತಿಯನ್ನು ಲೆಕ್ಕ ಹಾಕಿದರೆ ಸಿಗುವುದು ಒಂದು ವ್ಯಾಟಿನ ಲಕ್ಷದಲ್ಲೊಂದು ಪಾಲು. ತುಳಿದ ಶಕ್ತಿಯ ಕೋಟಿಯಲ್ಲಿ ಒಂದು ಪಾಲು. ಅಷ್ಟಕ್ಕೇ ಬೀದಿನಾಯಿ ತಲೆ ಎತ್ತಿ ನೋಡುತ್ತದೆ, ಹಿಂದೆ ಕ್ಯಾರಿಯರ್ ಮೇಲೆ ಕೂತವರು “ಏನ್ರೀ ಇದು, ಒಂದ್ ತೊಟ್ಟು ಎಣ್ಣೆ ಬಿಡಬಾರ್ದಾ” ಎನ್ನುತ್ತಾರೆ.

ಕಿವಿ ಅಷ್ಟು ಸೂಕ್ಷ್ಮ. ನಮಗೆ ಕೇಳಿಸುವ ಅತಿ ಸಣ್ಣ ಸದ್ದಿಗೆ ಕಿವಿತಮಟೆ ಅಲುಗುವುದು ಒಂದು ಹೈಡ್ರೋಜನ್ ಪರಮಾಣುವಿನ ಅಗಲಕ್ಕಿಂತಲೂ ಕಡಿಮೆ. ಎಡಗಿವಿಗೂ ಬಲಗಿವಿಗೂ ಸದ್ದು ಮುಟ್ಟುವ ಹೊತ್ತಿನಲ್ಲಿ ಸೆಕೆಂಡಿನ ಲಕ್ಷದಲ್ಲೊಂದು ಪಾಲಿನಷ್ಟು ಹಿಂದುಮುಂದಾದರೂ ಮಿದುಳು ಅದನ್ನು ಹಿಡಿದು, ಸದ್ದು ಯಾವ ಕಡೆಯದು ಎಂದು ಹೇಳಿಬಿಡುತ್ತದೆ.

ಸೈಕಲ್ಲಿನ ಮೇಲೆ ಮಾತ್ರ ಈ ಜಾಣತನ ನಡೆಯುವುದಿಲ್ಲ. ಪೆಡಲು, ಚೈನು, ಸೀಟು, ಹ್ಯಾಂಡಲ್ಲು ಎಲ್ಲವೂ ಸವಾರನ ಎರಡು ಕಿವಿಗಳ ನಟ್ಟನಡುವಿನ ಗೆರೆಯಲ್ಲೋ ಅದರ ಒಂದು ಗೇಣಿನೊಳಗೋ ಇರುತ್ತವೆ. ಎರಡೂ ಕಿವಿಗೆ ಸದ್ದು ಹೆಚ್ಚುಕಡಿಮೆ ಒಟ್ಟಿಗೇ ಬಂದು ಮುಟ್ಟುತ್ತದೆ. ಸಾಲದ್ದಕ್ಕೆ, ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುವ ಸದ್ದು ಉಕ್ಕಿನಲ್ಲಿ 5,000 ಮೀಟರ್ ಓಡುತ್ತದೆ. ಕೆಳಗೆ ಬಿ.ಬಿ.ಯಲ್ಲಿ (ಬಾಟಮ್ ಬ್ರ್ಯಾಕೆಟ್, ಕ್ರ್ಯಾಂಕಿನ ಆಕ್ಸಲ್ಲು ತಿರುಗುವ ಜಾಗ) ಹುಟ್ಟಿದ ‘ಟಕ್’ ಟೊಳ್ಳು ಪೈಪುಗಳ ಮೂಲಕ ಫ್ರೇಮಿನ ತುದಿ ತಲಪಲು ಸೆಕೆಂಡಿನ ಆರು ಸಾವಿರದಲ್ಲೊಂದು ಪಾಲೂ ಬೇಡ. ಇಡೀ ಫ್ರೇಮೇ ಒಟ್ಟಿಗೆ ಸದ್ದು ಮಾಡುತ್ತದೆ. ಸೀಟಿನ ಕ್ಲಾಂಪು ಸಡಿಲಾಗಿ ಕಿರುಗುಟ್ಟಿದರೆ ಚೈನಿಗೆ ಎಣ್ಣೆ ಬಿಡುವವರು, ಪೆಡಲು ಒಣಗಿದ್ದಕ್ಕೆ ಫ್ರೀವೀಲು ಬದಲಿಸುವವರು ಊರಿಗೊಬ್ಬರಲ್ಲ, ಬೀದಿಗೊಬ್ಬರಿದ್ದಾರೆ.

ಎಲ್ಲಿಂದ ಬಂತು ಎನ್ನುವುದರಲ್ಲಿ ಹೀಗೆ ಮೋಸ ಹೋಗುವ ಕಿವಿ, ಎಷ್ಟು ಸಲ ಬಂತು ಎನ್ನುವುದರಲ್ಲಿ ಮೋಸ ಹೋಗುವುದು ಅಪರೂಪ. ಬಗ್ಗಿ ಬಗ್ಗಿ ನೋಡುತ್ತಾ ಸಾಗುವುದಕ್ಕಿಂತ ಕೂತಲ್ಲೇ ಎಣಿಸುವುದು ಲೇಸು. (ಬಗ್ಗಿ ನೋಡುತ್ತಾ ಹೋಗಿ ಚರಂಡಿಗೆ ಬೀಳುವುದೂ ತಪ್ಪುತ್ತದೆ.)

ಎಣಿಸುವ ಮೊದಲು ಸೈಕಲ್ಲಿನ ಮೂರು ಅಂಕಿ ಗೊತ್ತಿರಬೇಕು. ಮುಂದಿನ ಚೈನ್‌ವೀಲಿಗೆ 48 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು, ಚೈನಿಗೆ 110 ಕೊಂಡಿ ಎಂದು ಇಟ್ಟುಕೊಳ್ಳೋಣ. ನಿಮ್ಮದರಲ್ಲಿ ಬೇರೆ ಇದ್ದರೆ ಎಣಿಸಿ ಬರೆದುಕೊಳ್ಳಿ. 28 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಉರುಳುತ್ತದೆ. ಪೆಡಲು ಒಂದು ಸುತ್ತು ಬಂದರೆ ಚಕ್ರ ಎರಡೂ ಮುಕ್ಕಾಲಿಗೆ ಒಂಚೂರು ಕಡಿಮೆ ಸುತ್ತು ಬರುತ್ತದೆ, ಸೈಕಲ್ಲು ಐದೂಮುಕ್ಕಾಲು ಮೀಟರ್ ದಾಟುತ್ತದೆ. ಒಂದು ಕಿಲೋಮೀಟರಿಗೆ ಪೆಡಲಿನ 170 ಸುತ್ತು. ಅಷ್ಟರಲ್ಲಿ ಚೈನು ತನ್ನ ದಾರಿಯನ್ನು 74 ಸಲ ಸುತ್ತಿರುತ್ತದೆ.

ಪ್ರತಿ ಸುತ್ತಿನಲ್ಲೂ ಚೈನಿನ ಒಂದೊಂದು ಕೀಲೂ ನಾಲ್ಕು ಸಲ ಬಾಗುತ್ತದೆ: ಚೈನ್‌ವೀಲು ಹತ್ತುವಾಗ, ಇಳಿಯುವಾಗ, ಫ್ರೀವೀಲು ಹತ್ತುವಾಗ, ಇಳಿಯುವಾಗ. 110 ಕೀಲು, 74 ಸುತ್ತು, ನಾಲ್ಕು ಬಾಗು. ಗುಣಿಸಿದರೆ ಕಿಲೋಮೀಟರಿಗೆ 32,000ಕ್ಕೂ ಮಿಕ್ಕಿ. ರಾಜ್ಯದಲ್ಲಿ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತಲ್ಲ, ಅಂಥದೊಂದು ಸೈಕಲ್ಲಿನಲ್ಲಿ ಹುಡುಗಿಯೊಬ್ಬಳು ದಿನಕ್ಕೆ ಹೋಗಿಬಂದು 10 ಕಿಲೋಮೀಟರಿನಂತೆ 200 ದಿನ ಶಾಲೆಗೆ ಹೋದರೆ ವರ್ಷಕ್ಕೆ 2,000 ಕಿಲೋಮೀಟರ್. ಅವಳ ಚೈನಿನ ಒಂದೊಂದು ಕೀಲೂ ವರ್ಷದಲ್ಲಿ ಸುಮಾರು ಆರು ಲಕ್ಷ ಸಲ ಬಾಗಿರುತ್ತದೆ. ಒಟ್ಟು ಚೈನಿನ ಲೆಕ್ಕ ಆರೂವರೆ ಕೋಟಿ. ಇಷ್ಟರಲ್ಲಿ ಒಂದಾದರೂ ಕೀಲು ಕೀಚು ಎನ್ನದಿದ್ದರೆ ಅದೇ ಆಶ್ಚರ್ಯ.

ಈಗ ಎಣಿಕೆಗೆ ಬರೋಣ. ಬಲಗಾಲಿನ ಪೆಡಲು ಕೆಳಗೆ ಬಂದಾಗಲೆಲ್ಲ ಮನಸ್ಸಿನಲ್ಲೇ ಒಂದು, ಎರಡು ಎಂದುಕೊಳ್ಳುತ್ತಾ ಸಾಗಿ.

ಸದ್ದು ಪೆಡಲಿನ ಮೂರು ಸುತ್ತಿಗೆ ಎಂಟು ಸಲ ಬಂದರೆ ಅದು ಹಿಂದಿನ ಚಕ್ರದ ಸದ್ದು. 48ನ್ನು 18ರಿಂದ ಭಾಗಿಸಿದ್ದು ಅಷ್ಟೇ. ಪೆಡಲು ನಿಲ್ಲಿಸಿ ಸೈಕಲ್ಲನ್ನು ಹಾಗೇ ಉರುಳಲು ಬಿಡಿ. ಆಗಲೂ ಸದ್ದು ಬಂದರೆ ಹಬ್ಬು, ಸಡಿಲವಾದ ಸ್ಪೋಕು, ಮಡ್‌ಗಾರ್ಡಿಗೆ ತಾಗುವ ಟೈರು, ಈ ಮೂರರಲ್ಲಿ ಒಂದು. ನಿಂತುಹೋದರೆ ಫ್ರೀವೀಲಿನ ಹಲ್ಲು ನೋಡಿ.

ಏಳು ಸುತ್ತಿಗೆ ಮೂರು ಸಲ ಬಂದರೆ ತಪ್ಪು ಚೈನಿನ ಯಾವುದೋ ಒಂದೇ ಕೊಂಡಿಯದು. ಚೈನು ಪೂರ್ತಿ ಒಂದು ಸುತ್ತು ಬರಲು ಪೆಡಲಿನ 2.3 ಸುತ್ತು ಬೇಕು. ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತಾ ಫ್ರೀವೀಲಿನ ಹತ್ತಿರ ಕಣ್ಣಿಡಿ, ಚೈನ್‌ವೀಲಿನ ಹತ್ತಿರ ಅಲ್ಲ. 48 ಹಲ್ಲಿನ ಚಕ್ರದಲ್ಲಿ ಕೊಂಡಿ ಏಳೂವರೆ ಡಿಗ್ರಿ ಬಾಗಿದರೆ ಸಾಕು. 18 ಹಲ್ಲಿನದರಲ್ಲಿ 20 ಡಿಗ್ರಿ ಬಾಗಬೇಕು. ತುಕ್ಕು ಹಿಡಿದ ಕೊಂಡಿ ಅಲ್ಲಿ ಬಾಗಲಾರದೆ ಮೊಣಕಾಲು ಮಡಚಿದಂತೆ ಎದ್ದು ನಿಲ್ಲುತ್ತದೆ, ಹಾರಿ ಮುಂದೆ ಹೋಗುತ್ತದೆ. ಅದಕ್ಕೆ ಸೀಮೆಎಣ್ಣೆ ತಾಗಿಸಿ, ಎರಡು ಹೆಬ್ಬೆರಳಿನಲ್ಲಿ ಹಿಡಿದು ಅಡ್ಡಡ್ಡ ಅಲುಗಿಸಿದರೆ ಬಹಳ ಸಲ ಅಲ್ಲಿಗೇ ಮುಗಿಯುತ್ತದೆ.

ಸರಿಯಾಗಿ ಸುತ್ತಿಗೆ ಒಂದು ಸಲ ಬಂದರೆ ಪೆಡಲು, ಕ್ರ್ಯಾಂಕು, ಕಾಟರ್ ಪಿನ್ನು, ಬಿ.ಬಿ. ಕಪ್ಪು, ಬಾಗಿದ ಚೈನ್‌ವೀಲು, ಅದು ಕೆರೆಯುವ ಚೈನ್ ಕವರ್ರು ಇವೆಲ್ಲವೂ ಅನುಮಾನದ ಪಟ್ಟಿಯಲ್ಲಿ ಬರುತ್ತವೆ. ಸುತ್ತಿಗೆ ಎರಡು ಸಲ, ಅಂದರೆ ಎರಡೂ ಕಾಲು ತುಳಿದಾಗ ಬಂದರೆ ಸೀಟಿನಿಂದ ಎದ್ದು ನಿಂತು ತುಳಿದು ನೋಡಿ. ಸದ್ದು ಮಾಯವಾದರೆ ಸೀಟಿನ ಸ್ಪ್ರಿಂಗೋ ಕ್ಲಾಂಪೋ ಕಾರಣ. ಚೈನಿಗೂ ಅದಕ್ಕೂ ಸಂಬಂಧವೇ ಇಲ್ಲ.

ಇನ್ನೊಂದು ಜಾತಿಯ ಸದ್ದಿದೆ. ರಿಪೇರಿ ಅಂಗಡಿಗೆ ಒಯ್ದ ತಕ್ಷಣ ಅಡಗಿಕೊಳ್ಳುವಂಥದು. ಅಂಗಡಿಯವನು ಪೆಡಲು ಹತ್ತು ಸಲ ತಿರುಗಿಸಿ “ಏನೂ ಇಲ್ವಲ್ಲ ಸಾರ್” ಎನ್ನುತ್ತಾನೆ. ಇದರ ಹಿಂದೆ ಪ್ರಾಥಮಿಕ ಶಾಲೆಯ ಲ.ಸಾ.ಅ. ಇದೆ. ಚೈನ್‌ವೀಲಿನ ಒಂದು ಹಲ್ಲು ತುಸು ಬಾಗಿದೆ, ಚೈನಿನ ಒಂದು ಕೊಂಡಿ ತುಸು ಬಿಗಿಯಾಗಿದೆ. ಬೇರೆಬೇರೆಯಾಗಿ ಇವೆರಡೂ ಸುಮ್ಮನಿರುತ್ತವೆ, ಒಂದರ ಮೇಲೊಂದು ಬಂದಾಗ ಮಾತ್ರ ‘ಟಕ್’. 48 ಮತ್ತು 110ರ ಲ.ಸಾ.ಅ. 2,640. ಅದೇ ಕೊಂಡಿ ಅದೇ ಹಲ್ಲನ್ನು ಮತ್ತೆ ಮುಟ್ಟಲು ಪೆಡಲು 55 ಸುತ್ತು ಬರಬೇಕು. ರಸ್ತೆಯ ಮೇಲೆ 320 ಮೀಟರಿಗೊಮ್ಮೆ, ಹೊತ್ತಿನ ಲೆಕ್ಕದಲ್ಲಿ ನಿಮಿಷಕ್ಕೊಮ್ಮೆ ಕೇಳುವ ಸದ್ದು ಅದು. ಹತ್ತು ಸುತ್ತು ತಿರುಗಿಸಿ ನೋಡಿದವನಿಗೆ ಅದು ಸಿಗುವ ಸಾಧ್ಯತೆ ಐದಕ್ಕೆ ಒಂದು ಕೂಡ ಇಲ್ಲ. ಹಾಗಾಗಿ ಅಂಗಡಿಯವನನ್ನು ಬೈಯಬೇಡಿ, 55 ಸುತ್ತು ತಿರುಗಿಸಲು ಹೇಳಿ.

ಇದೇ ಲೆಕ್ಕದ ಇನ್ನೊಂದು ಮುಖ ನನಗೆ ಇನ್ನೂ ಇಷ್ಟ. ಚೈನಿನಲ್ಲಿ ಒಳಕೊಂಡಿ, ಹೊರಕೊಂಡಿ ಒಂದು ಬಿಟ್ಟು ಒಂದು ಬರುತ್ತವೆ. 48, 18, 110 ಮೂರೂ ಸಮಸಂಖ್ಯೆ. ಆದ್ದರಿಂದ ಮೊದಲ ದಿನ ಒಳಕೊಂಡಿಗೆ ಸಿಕ್ಕ ಹಲ್ಲಿಗೆ ವರ್ಷಗಟ್ಟಲೆ, ಲಕ್ಷಾಂತರ ಸುತ್ತಿನವರೆಗೆ ಒಳಕೊಂಡಿಯೇ ಗಂಟು. ಪಕ್ಕದ ಹಲ್ಲಿಗೆ ಹೊರಕೊಂಡಿ. ಹಲ್ಲುಗಳು ಆ ಪ್ರಕಾರವೇ ಸವೆಯುತ್ತವೆ. ಒಂದು ಭಾನುವಾರ ಚೈನು ಬಿಚ್ಚಿ, ತೊಳೆದು, ಒಂದೇ ಒಂದು ಹಲ್ಲು ಆಚೀಚೆಯಾಗಿ ಮತ್ತೆ ಹಾಕಿದಿರೋ, 48 ಜೋಡಿಯೂ ಒಟ್ಟಿಗೆ ಅದಲುಬದಲು. ತೊಳೆದ ಮೇಲೆ ಸದ್ದು ಹೆಚ್ಚಾಯಿತು ಎಂಬ ದೂರಿಗೆ ಇದೂ ಒಂದು ಕಾರಣವಿರಬಹುದು. ಚೈನು ತೆಗೆಯುವ ಮೊದಲು ಒಂದು ಹೊರಕೊಂಡಿಗೂ ಅದು ಕೂತ ಹಲ್ಲಿಗೂ ಚಾಕಿನಿಂದಲೋ ಬಣ್ಣದಿಂದಲೋ ಗುರುತು ಹಾಕಿಕೊಂಡರೆ ಈ ತಾಪತ್ರಯ ಇಲ್ಲ.

ಇನ್ನು ಕಾಟರ್ ಪಿನ್ನು. ಕಪ್ಪು ಸೈಕಲ್ಲಿನ ಕ್ರ್ಯಾಂಕನ್ನು ಆಕ್ಸಲ್ಲಿಗೆ ಹಿಡಿದಿಡುವ, ಕಿರುಬೆರಳಿನ ದಪ್ಪದ, ಒಂದು ಪಕ್ಕ ಓರೆಯಾಗಿ ಅರೆದ ಕಬ್ಬಿಣದ ತುಂಡು ಇದು. 70 ಕಿಲೋ ತೂಕದವರು ದಿಬ್ಬದಲ್ಲಿ ಎದ್ದು ನಿಂತು ಪೆಡಲಿನ ಮೇಲೆ ಮೈಭಾರ ಹಾಕಿದಾಗ, 170 ಮಿಲಿಮೀಟರ್ ಉದ್ದದ ಕ್ರ್ಯಾಂಕಿನ ಆ ಬದಿಯ 70 ಕಿಲೋ, 16 ಮಿಲಿಮೀಟರ್ ದಪ್ಪದ ಆಕ್ಸಲ್ಲಿನ ಮೈಮೇಲೆ ಸುಮಾರು ಒಂದೂವರೆ ಟನ್ ಆಗಿ ಕೂರುತ್ತದೆ. ಅದೇ ಅನುಪಾತ ತಿರುಗಿಸಿ ನೋಡಿ: ಪಿನ್ನಿನ ಹತ್ತಿರ ಮಿಲಿಮೀಟರಿನ ಹತ್ತನೇ ಒಂದು ಪಾಲು ಸಡಿಲವಿದ್ದರೆ ಪೆಡಲಿನ ಹತ್ತಿರ ಅದು ಎರಡು ಮಿಲಿಮೀಟರಿನ ಅಲುಗಾಟ. ಕಾಲಿಗೆ ತಿಳಿಯುತ್ತದೆ, ಕಿವಿಗೂ ಕೇಳುತ್ತದೆ.

ಯಾವ ಕಾಲು ತುಳಿದಾಗ ಟಕ್ ಎನ್ನುತ್ತದೆ ಎಂಬುದನ್ನೂ ಗಮನಿಸಬೇಕು. ಚೈನ್‌ವೀಲು ಬಲಗಡೆಯ ಕ್ರ್ಯಾಂಕಿಗೆ ಕಚ್ಚಿಕೊಂಡಿರುತ್ತದೆ, ಹಾಗಾಗಿ ಬಲಗಾಲಿನ ಬಲ ನೇರ ಚೈನಿಗೆ ಹೋಗುತ್ತದೆ. ಎಡಗಾಲಿನ ಬಲ ಮಾತ್ರ ಎಡ ಪಿನ್ನು, ಆಕ್ಸಲ್ಲು, ಬಲ ಪಿನ್ನು ಮೂರನ್ನೂ ಹಾಯ್ದು ಬರಬೇಕು. ಎಡಗಾಲು ತುಳಿದಾಗ ಬರುವ ಟಕ್ಕಿಗೆ ಎಡ ಪಿನ್ನೇ ಕಾರಣ ಎಂದು ಅದೊಂದನ್ನೇ ಬದಲಿಸಿ ಕೈತೊಳೆದುಕೊಳ್ಳುವಂತಿಲ್ಲ.

ನಟ್ಟನ್ನು ಬಿಗಿ ಮಾಡಿದರೆ ಪಿನ್ನು ತಾನೇ ಒಳಗೆ ಬರುತ್ತದೆ ಎಂದು ಹಲವರು ಸ್ಪ್ಯಾನರ್ ತಿರುವುತ್ತಾ ಹೋಗುತ್ತಾರೆ. ಹರಿಯುವುದು ನಟ್ಟಿನ ಮರೆ. ಕೈಪಳಗಿದ ಮೆಕ್ಯಾನಿಕ್ ಕೆಲಸ ನೋಡಿ. ಕ್ರ್ಯಾಂಕಿನ ಅಡಿಗೆ ನೆಲದಿಂದ ಒಂದು ಗಟ್ಟಿ ಪೈಪು ಆನಿಸುತ್ತಾನೆ, ಪಿನ್ನಿನ ತಲೆಗೆ ಸುತ್ತಿಗೆಯಿಂದ ಎರಡೇ ಎರಡು ಪೆಟ್ಟು ಹಾಕುತ್ತಾನೆ, ಆಮೇಲೆ ನಟ್ಟನ್ನು ಬರೀ ತಡೆಗೆಂದು ಬಿಗಿಯುತ್ತಾನೆ. ಪೈಪು ಆನಿಸದೆ ಹೊಡೆದರೆ ಏಟೆಲ್ಲ ಬಿ.ಬಿ.ಯ ಕಾಲಿಂಚಿನ ಗೋಲಿಗಳ ಮೇಲೆ ಬಿದ್ದು ಕಪ್ಪಿನಲ್ಲಿ ಗುಳಿ ಏಳುತ್ತದೆ. ಒಂದು ಸದ್ದು ಹೋಗಿ ಗರಗರ ಎನ್ನುವ ಇನ್ನೊಂದು ಬರುತ್ತದೆ.

ಇವೆಲ್ಲ ಬಿಟ್ಟುಬಿಟ್ಟು ಬರುವ ಸದ್ದುಗಳಾಯಿತು. ಎಡೆಬಿಡದೆ ಕೊರ್‌ ಎನ್ನುವುದು ಚೈನಿನ ಸಾಮೂಹಿಕ ದನಿ. ಸೆಕೆಂಡಿಗೊಂದು ಸುತ್ತು ತುಳಿದರೆ ಸೆಕೆಂಡಿಗೆ 48 ರೋಲರುಗಳು ಮುಂದೆ, 48 ಹಿಂದೆ ಹಲ್ಲಿನ ಸಂದಿಗೆ ಬಂದು ಕೂರುತ್ತವೆ. ಬಿಡಿಯಾಗಿ ಎಣಿಸಲಾರದ ಈ ಟಿಕ್‌ಟಿಕ್ ಕಿವಿಗೆ ಗುಂಯ್‌ಗುಡುವಿಕೆಯಾಗಿ ಕೇಳುತ್ತದೆ. ಚೈನು ಅತಿ ಬಿಗಿಯಾಗಿದ್ದರೂ ಹೀಗಾಗುತ್ತದೆ. ನಡುವೆ ಬೆರಳಿಟ್ಟು ಒತ್ತಿದರೆ ಅರ್ಧ ಇಂಚು ಜಗ್ಗಬೇಕು. ಅಷ್ಟು ಜಗ್ಗಿಯೂ ಸದ್ದು ನಿಲ್ಲದಿದ್ದರೆ ಚೈನು ಒಣಗಿದೆ, ಇಲ್ಲವೇ ಸವೆದಿದೆ.

ಸವೆತದ ಲೆಕ್ಕ ಕೇಳಿದರೆ ನಂಬಲು ಕಷ್ಟ. ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಸ್ವಿಸ್ ಮೂಲದ ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ಬುಷ್ ಇರುವ ರೋಲರ್ ಚೈನು ಮಾಡಿದ. ನಮ್ಮ ಕಪ್ಪು ಸೈಕಲ್ಲಿನಲ್ಲಿ ಇವತ್ತಿಗೂ ಓಡುವುದು ಅದರ ಸಂತಾನವೇ. ಒಂದು ಪಿನ್ನಿನಿಂದ ಇನ್ನೊಂದಕ್ಕೆ ಅರ್ಧ ಇಂಚು, 12.7 ಮಿಲಿಮೀಟರ್. ಪಿನ್ನು, ಬುಷ್ಷು, ರೋಲರು, ಪಟ್ಟಿ ಎಲ್ಲ ಸೇರಿ 110 ಕೊಂಡಿಯ ಚೈನಿಗೆ 550 ಬಿಡಿಭಾಗ. ಮೈಭಾರ ಹಾಕಿ ತುಳಿದಾಗ ಚೈನಿನ ಮೇಲಿನ ಎಳೆತ 120 ಕಿಲೋದಷ್ಟು. ಮೂರೂವರೆ ಮಿಲಿಮೀಟರ್ ಚಿಲ್ಲರೆ ದಪ್ಪದ ಪಿನ್ನು ಅದನ್ನು ಬುಷ್ಷಿನೊಳಗೆ ಹೊರುವ ಜಾಗ 21 ಚದರ ಮಿಲಿಮೀಟರ್. ಒತ್ತಡ ಚದರ ಸೆಂಟಿಮೀಟರಿಗೆ 570 ಕಿಲೋ. ಲಾರಿ ಟೈರಿನೊಳಗಿನ ಗಾಳಿಯ ಒತ್ತಡದ ಸುಮಾರು 70 ಪಟ್ಟು.

ಇಷ್ಟು ಒತ್ತಡದಲ್ಲಿ ಪಿನ್ನು ತಿಕ್ಕುವ ದೂರ ಎಷ್ಟು? ಶಾಲೆಗೆ ಹೋಗುವ ಆ ಹುಡುಗಿ ವರ್ಷವಿಡೀ 2,000 ಕಿಲೋಮೀಟರ್ ತುಳಿದರೆ ಒಂದು ಪಿನ್ನು ತನ್ನ ಬುಷ್ಷಿನೊಳಗೆ ಜಾರಿದ ದೂರವನ್ನೆಲ್ಲ ಕೂಡಿಸಿದರೂ 260 ಮೀಟರ್ ಚಿಲ್ಲರೆ. ಕಿಲೋಮೀಟರಿಗೆ ಒಂದು ಗೇಣೂ ಇಲ್ಲ. ಚೈನು ಹಾಳಾಗಿದೆ ಎಂದು ತೀರ್ಮಾನಿಸಲು ಬೇಕಾದ ಸವೆತ ಇದಕ್ಕಿಂತ ಬೆರಗಿನದು: ಕೀಲೊಂದಕ್ಕೆ 0.06 ಮಿಲಿಮೀಟರ್, ತಲೆಕೂದಲಿನ ದಪ್ಪ. 110 ಕೂದಲು ಸೇರಿದರೆ 7 ಮಿಲಿಮೀಟರ್; ಚೈನು ಅಷ್ಟು ಉದ್ದವಾಗಿ ಹಲ್ಲಿನ ಬುಡ ಬಿಟ್ಟು ಮೇಲೆ ಹತ್ತಿ ಕೂರುತ್ತದೆ. ಚೈನು ಹಿಗ್ಗಿದೆ ಎನ್ನುತ್ತಾರೆ, ಪಟ್ಟಿಗಳೇನೂ ಹಿಗ್ಗಿರುವುದಿಲ್ಲ. ಅಳೆಯಲು ಶಾಲೆಯ ಸ್ಕೇಲೇ ಸಾಕು. ಹೊಸ ಚೈನಿನಲ್ಲಿ 24 ಕೊಂಡಿಗೆ ಸರಿಯಾಗಿ 12 ಇಂಚು. ಪಿನ್ನಿನ ನಡುವಿಗೆ ಸೊನ್ನೆ ಇಟ್ಟು ಬಿಗಿಯಾಗಿ ಎಳೆದು ನೋಡಿದಾಗ ಇಂಚಿನ ಹದಿನಾರನೇ ಒಂದು ಪಾಲು ಹೆಚ್ಚಿದ್ದರೆ ಚೈನು ಬದಲಿಸಿ. ಎಂಟನೇ ಒಂದು ಪಾಲು ಹೆಚ್ಚಿದ್ದರೆ ಫ್ರೀವೀಲಿನ ಹಲ್ಲೂ ಕೊಕ್ಕೆಯಾಗಿರುತ್ತದೆ. ಹೊಸ ಚೈನು ಅದರ ಮೇಲೆ ಕೂರದೆ ಜಿಗಿಯುತ್ತದೆ, ಎರಡನ್ನೂ ಒಟ್ಟಿಗೇ ಬದಲಿಸಬೇಕಾಗುತ್ತದೆ.

ಗೇರ್ ಸೈಕಲ್ಲಿನವರಿಗೆ ಎರಡು ಮಾತು. ಹಿಂದಿನ ಎರಡು ಪುಟ್ಟ ಗಾಲಿಗಳನ್ನೂ ಹಾಯುವುದರಿಂದ ಅಲ್ಲಿ ಸುತ್ತಿಗೆ ನಾಲ್ಕಲ್ಲ, ಎಂಟು ಬಾಗು. ಹನ್ನೊಂದು, ಹನ್ನೆರಡು ಗೇರಿನವುಗಳಲ್ಲಿ ಹಲ್ಲುಚಕ್ರಗಳ ನಡುವಿನ ಅಂತರ ನಾಲ್ಕು ಮಿಲಿಮೀಟರಿಗೂ ಕಡಿಮೆ, ಕೇಬಲ್ಲು ಅರ್ಧ ಮಿಲಿಮೀಟರ್ ಸಡಿಲಾದರೂ ಚೈನು ಪಕ್ಕದ ಚಕ್ರವನ್ನು ಕೆರೆಯಲು ಶುರುಮಾಡುತ್ತದೆ. ಒಂದೇ ಗೇರಿನಲ್ಲಿ ಸದ್ದು, ಉಳಿದವುಗಳಲ್ಲಿ ಮೌನ ಎಂದಾದರೆ ಎಣ್ಣೆ ಡಬ್ಬಿ ಮುಟ್ಟಬೇಡಿ; ಕೇಬಲ್ಲಿನ ತುದಿಯ ತಿರುಪನ್ನು ಕಾಲು ಸುತ್ತು ತಿರುಗಿಸಿ ನೋಡಿ.

ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಸ್ಪೈಸರ್ 1999ರಲ್ಲಿ ಓಡುವ ಚೈನಿನ ಬಿಸಿಯನ್ನು ಅವಕೆಂಪು ಕ್ಯಾಮೆರಾದಲ್ಲಿ ನೋಡಿ ಅಳೆದರು. ಚೈನು ತನಗೆ ಸಿಕ್ಕ ಶಕ್ತಿಯಲ್ಲಿ ಒಳ್ಳೆಯ ಸ್ಥಿತಿಯಲ್ಲಿ ಶೇ 98.6ರಷ್ಟನ್ನು ಚಕ್ರಕ್ಕೆ ಮುಟ್ಟಿಸುತ್ತಿತ್ತು, ತೀರಾ ಕಳಪೆ ಸ್ಥಿತಿಯಲ್ಲಿ ಶೇ 81. ಎಣ್ಣೆಯಿಂದ ಈ ಅಂಕಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ಅದು ಪ್ರಯೋಗಾಲಯದ ಶುಭ್ರ ಚೈನು. ನಮ್ಮ ಕೆಮ್ಮಣ್ಣಿನ ರಸ್ತೆಯಲ್ಲಿ ಕತೆ ಬೇರೆ. ಧೂಳಿನಲ್ಲಿರುವ ಬೆಣಚುಕಲ್ಲಿನ ಕಣ ಗಾಜನ್ನೂ ಗೀರುವಷ್ಟು ಗಟ್ಟಿ. ಎಣ್ಣೆ ತುಂಬಿಕೊಳ್ಳಬೇಕಾದ ಜಾಗಕ್ಕೆ ಅದು ಹೊಕ್ಕರೆ ಪಿನ್ನನ್ನು ಅರೆಯುತ್ತದೆ. ಎಣ್ಣೆಯ ಕೆಲಸ ಆ ಜಾಗವನ್ನು ಕಾಯುವುದು. ಹಾಗಾಗಿ ಎಣ್ಣೆ ಬೇಕಾಗಿರುವುದು ರೋಲರಿನ ಸಂದಿಗೆ, ಚೈನಿನ ಹೊರಮೈಗಲ್ಲ. ಹೊರಗೆ ಉಳಿದದ್ದೆಲ್ಲ ಧೂಳು ಹಿಡಿಯುವ ಅಂಟು.

ರೋಲರಿಗೆ ಒಂದೇ ತೊಟ್ಟು. ಒಂದು ಮಿಲಿಲೀಟರಿಗೆ ಸುಮಾರು 20 ತೊಟ್ಟು, 110 ಕೊಂಡಿಗೆ ಐದೂವರೆ ಮಿಲಿಲೀಟರ್, ಒಂದು ಟೀ ಚಮಚ. ಹೊಲಿಗೆ ಮಿಷನ್ನಿನ ಎಣ್ಣೆ ಆಗುತ್ತದೆ, ಬೇಗ ಆರುತ್ತದೆ ಅಷ್ಟೆ. ಕೊಬ್ಬರಿ ಎಣ್ಣೆ ಬೇಡ, ಅದು ಅಂಟಂಟಾಗಿ ಹೆಪ್ಪುಗಟ್ಟುತ್ತದೆ. ಪೆಡಲನ್ನು ಹಿಂದಕ್ಕೆ ಇಪ್ಪತ್ತು ಸುತ್ತು ತಿರುಗಿಸಿ, ಹತ್ತು ನಿಮಿಷ ಬಿಟ್ಟು, ಹಳೇ ಪಂಚೆಯ ತುಂಡಿನಿಂದ ಚೈನನ್ನು ಹಿಡಿದು ಕೈಗೆ ಎಣ್ಣೆ ಹತ್ತದಷ್ಟು ಒರೆಸಬೇಕು. ಈ ಒರೆಸುವ ಕೆಲಸ ಬಿಡುವವರೇ ಹೆಚ್ಚು. ಪ್ಯಾಂಟಿನ ಬಲಗಾಲಿನ ಕಪ್ಪು ಗೆರೆ ಅದಕ್ಕೆ ಸಾಕ್ಷಿ.

2011ರ ಜನಗಣತಿಯ ಪ್ರಕಾರ ದೇಶದ 24.67 ಕೋಟಿ ಮನೆಗಳಲ್ಲಿ ಶೇ 44.8ರಷ್ಟು ಮನೆಗಳಲ್ಲಿ ಸೈಕಲ್ಲಿತ್ತು. ಮನೆಗೊಂದೇ ಎಂದರೂ 11 ಕೋಟಿ ಸೈಕಲ್ಲು. ಒಂದು ಚೈನಿನ ಉದ್ದ 1.4 ಮೀಟರಿನಂತೆ ಎಲ್ಲವನ್ನೂ ಬಿಚ್ಚಿ ಒಂದಕ್ಕೊಂದು ಜೋಡಿಸಿದರೆ ಒಂದೂವರೆ ಲಕ್ಷ ಕಿಲೋಮೀಟರ್ ಮೀರುತ್ತದೆ, ಭೂಮಧ್ಯರೇಖೆಯನ್ನು ಹೆಚ್ಚುಕಡಿಮೆ ನಾಲ್ಕು ಸುತ್ತು. ಕೀಲುಗಳು 1,200 ಕೋಟಿಗೂ ಹೆಚ್ಚು. ಕೀಲಿಗೊಂದು ತೊಟ್ಟಿನಂತೆ ದೇಶದ ಚೈನುಗಳಿಗೆಲ್ಲ ಒಂದು ಸಲ ಎಣ್ಣೆ ಬಿಡಲು ಬೇಕಾಗುವುದು ಆರು ಲಕ್ಷ ಲೀಟರ್: 12,000 ಲೀಟರಿನ ಐವತ್ತು ಟ್ಯಾಂಕರ್ ಲಾರಿ.

ಎಲ್ಲ ಮುಗಿದ ಮೇಲೂ, ತುಳಿಯುವುದು ನಿಲ್ಲಿಸಿದಾಗ ಹಿಂದಿನಿಂದ ಕಟಕಟ ಕೇಳುತ್ತಿರುತ್ತದೆ. ಅದನ್ನೂ ನಿಲ್ಲಿಸಬೇಕೆಂದು ಫ್ರೀವೀಲಿನೊಳಗೆ ಗ್ರೀಸು ತುಂಬುವವರಿದ್ದಾರೆ. ಅದು ಒಳಗಿನ ಪುಟ್ಟ ಕೊಕ್ಕೆಗಳು ಸ್ಪ್ರಿಂಗಿನ ಬಲದಿಂದ ಹಲ್ಲಿಗೆ ಬಿದ್ದೇಳುವ ಸದ್ದು. ಗ್ರೀಸು ಗಟ್ಟಿಯಾಗಿ ಅವು ಏಳದೆ ಹೋದರೆ ದಿಬ್ಬದಲ್ಲಿ ಮೈಭಾರ ಹಾಕಿದ ಗಳಿಗೆಯಲ್ಲೇ ಪೆಡಲು ಖಾಲಿ ತಿರುಗಿ, ಸವಾರನ ಎದೆ ಹ್ಯಾಂಡಲ್ಲಿಗೆ ಬಡಿಯುತ್ತದೆ. ಫ್ರೀವೀಲಿಗೆ ತೆಳು ಎಣ್ಣೆ ನಾಲ್ಕು ತೊಟ್ಟು ಬಿಟ್ಟು, ಕಟಕಟ ಇನ್ನೂ ಕೇಳುತ್ತಿದೆಯೇ ಎಂದು ಒಮ್ಮೆ ನೋಡಿಕೊಂಡರೆ ಆಯಿತು.